ಬಚ್ಚಲೊಲೆಯ ಇದ್ದಿಲು, ಅಳಲೆಕಾಯಿ ಮಸಿ, ಹುಣಸೆಬೀಜದ ಕಡತ: ಪೆನ್ಸಿಲ್ ಬದಿಗಿಟ್ಟು ಗೆರೆ ಎಳೆಯುವವರಿಗೆ

ನಾನು ಮೊದಲ ಸಲ ಸುಟ್ಟ ಇದ್ದಿಲು ಕಡ್ಡಿಗಳಲ್ಲಿ ಒಂದೂ ಕಾಗದದವರೆಗೆ ಬರಲಿಲ್ಲ. ಡಬ್ಬ ಇನ್ನೂ ಬಿಸಿಯಿದ್ದಾಗಲೇ ತಡೆಯಲಾರದೆ ಮುಚ್ಚಳ ಎತ್ತಿದ್ದೆ. ಕಪ್ಪಗೆ ಸಾಲಾಗಿ ಮಲಗಿದ್ದ ಕಡ್ಡಿಗಳ ತುದಿಯಲ್ಲಿ ಕೆಂಪು ಕಿಡಿ ಓಡಾಡಿತು, ನೋಡನೋಡುತ್ತಲೇ ಎಲ್ಲ ಬೂದಿ. ಅಜ್ಜಿ ಬಗ್ಗಿ ನೋಡಿ, "ಚಿತ್ರಕ್ಕಂತೂ ಆಗ್ಲಿಲ್ಲ, ಹಣೆಗಾದ್ರೂ ಹಚ್ಕೋ ಮಾರಾಯ್ತಿ" ಅಂದರು.

ನಾನು ಚಿತ್ರಕಲೆಯ ಪದವಿಯಲ್ಲಿ ಕೊನೆಯ ವರ್ಷದಲ್ಲಿದ್ದೇನೆ. ಎರಡು ರಜೆಗಳನ್ನು ಸಾಗರದ ಹತ್ತಿರದ ಅಜ್ಜಿಮನೆಯಲ್ಲಿ ಹೀಗೇ ಸುಟ್ಟು, ಕುದಿಸಿ, ಕುಟ್ಟಿ ಕಳೆದೆ. ಪೆನ್ಸಿಲ್ ಹೇಳಿದ ಮಾತು ಕೇಳುತ್ತದೆ. ಮೂರು ವರ್ಷ ಅದನ್ನೇ ಹಿಡಿದ ನನ್ನ ಕೈಗೆ ಒಂದೇ ಥರದ ಗೆರೆ ಅಂಟಿಕೊಂಡುಬಿಟ್ಟಿತ್ತು. ಇಲ್ಲಿರುವ ಸಾಮಗ್ರಿಗಳು ಮಾತು ಕೇಳುವುದಿಲ್ಲ: ಮುರಿಯುತ್ತವೆ, ಹರಡುತ್ತವೆ, ತಡವಾಗಿ ಕಪ್ಪಾಗುತ್ತವೆ. ಆಗ ಕೈ ಬೇರೆ ದಾರಿ ಹುಡುಕಲೇಬೇಕು. ಹೊಸತು ಅನ್ನಿಸಿಕೊಳ್ಳಲು ಕಾಫಿಪುಡಿ ಎರಚಿ "ಪ್ರಯೋಗ" ಎಂದು ತೋರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದು ಸಾಮಗ್ರಿಯ ಜೊತೆ ಕನಿಷ್ಠ ಎರಡು ವಾರ, ಮೂವತ್ತು ನಲವತ್ತು ಹಾಳೆ ಕಳೆದರೆ ಮಾತ್ರ ಅದರ ಸ್ವಭಾವ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ ಪುಸ್ತಕ

ದಪ್ಪ ಹಾಳೆಯ ಒಂದು ಪುಸ್ತಕ ಹೊಲಿದುಕೊಳ್ಳಿ. 200 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಅಳತೆ) ತೆಳ್ಳಗಿನ ಕಾಗದ ಮಸಿಯ ನೀರಿಗೆ ಸುರುಟಿಕೊಳ್ಳುತ್ತದೆ. ಪ್ರತಿ ಪುಟದಲ್ಲಿ ತಾರೀಕು, ಸಾಮಗ್ರಿ, ಅಳತೆ, ಕಾಗದ ಯಾವುದು ಎಂದು ಬರೆಯಿರಿ. ಕೆಳಗೆ ಒಂದು ತೆಳು ಗೆರೆ, ಒಂದು ದಪ್ಪ ಗೆರೆ, ಬೆರಳಿನಿಂದ ಉಜ್ಜಿದ ಒಂದು ಮಚ್ಚೆ, ನೀರು ತಾಗಿಸಿದ ಒಂದು ಮಚ್ಚೆ ಇರಲಿ. ಇದೇ ನಾಲ್ಕನ್ನು ಒಂದು ಬಿಡಿ ಚೀಟಿಯ ಮೇಲೂ ಮಾಡಿ, ಅದರ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿಡಿ. ರಟ್ಟು ತೆಗೆದಾಗ ಯಾವುದು ಉಳಿಯುತ್ತದೆ, ಯಾವುದು ಓಡಿಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಈ ಕೆಲಸ ಬೇಸರದ್ದು, ನಾನೂ ಮೊದಲ ತಿಂಗಳು ಮಾಡಲಿಲ್ಲ. ಹಾಗಾಗಿ ಆ ತಿಂಗಳ ಅತ್ಯಂತ ಚಂದದ ಕಂದು ಬಣ್ಣ ಹೇಗೆ ಬಂತೆಂದು ಇವತ್ತಿಗೂ ಗೊತ್ತಿಲ್ಲ.

ಹುಣಸೆ ಕಡ್ಡಿಯ ಇದ್ದಿಲು

ಇದು ಹೊಸ ಉಪಾಯವೇನಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಕಾರರು ನೇರವಾದ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಹಾಕಿ ಸುಟ್ಟು, ಆ ಇದ್ದಿಲಿನಿಂದಲೇ ರೇಖಾಚಿತ್ರ ಬರೆದುಕೊಳ್ಳುತ್ತಿದ್ದರು. ಕಾಳಹಸ್ತಿಯ ಕಲಂಕಾರಿಯವರೂ ಬಟ್ಟೆಯ ಮೇಲೆ ಮೊದಲ ಗೆರೆ ಹಾಕುವುದು ಹುಣಸೆ ಇದ್ದಿಲಿನಿಂದ.

ಪೆನ್ಸಿಲ್ ದಪ್ಪದ, ಗಂಟಿಲ್ಲದ ಕಡ್ಡಿಗಳನ್ನು ಆರಿಸಿ. ಹಸಿಯಿರುವಾಗಲೇ ಸಿಪ್ಪೆ ಸುಲಿದರೆ ಸುಲಭ. ಒಣಗಿದ ಮೇಲೆ ಉಗುರು ಕಿತ್ತುಬರುತ್ತದೆ. ಗೇಣುದ್ದ ಕತ್ತರಿಸಿ ಒಂದು ವಾರ ಬಿಸಿಲಿಗೆ ಹಾಕಿ. ಒಳಗೆ ತೇವ ಉಳಿದರೆ ಸುಡುವಾಗ ಕಡ್ಡಿ ಸೀಳುತ್ತದೆ. ದಾಸವಾಳದ ಕಡ್ಡಿಯನ್ನೂ ಜೊತೆಗೆ ಸುಟ್ಟು ನೋಡಿ. ನನ್ನ ಅನುಭವದಲ್ಲಿ ಹುಣಸೆ ಗಟ್ಟಿ ಮತ್ತು ಚೂಪು, ದಾಸವಾಳ ಮೆತ್ತಗೆ ಮತ್ತು ಬೂದುಗಪ್ಪು.

ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬ ಬೇಕು. ಮುಚ್ಚಳಕ್ಕೆ ಒಂದೇ ಒಂದು ಮೊಳೆಯ ತೂತು ಹೊಡೆಯಿರಿ. ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಒಣ ಮರಳು ತುಂಬಿ. ಒಳಗೆ ಗಾಳಿ ಕಡಿಮೆಯಾದಷ್ಟೂ ಒಳ್ಳೆಯದು. ಮರ ಉರಿಯಬಾರದು, ಗಾಳಿಯಿಲ್ಲದೆ ಬೇಯಬೇಕು. ಮುಚ್ಚಳದ ಅಂಚಿಗೆ ಹಸಿ ಜೇಡಿ ಮೆತ್ತಿ ಕೆಂಡದ ಮೇಲೆ ಇಡಿ. ನಮ್ಮಲ್ಲಿ ಬಚ್ಚಲೊಲೆ ಬೆಳಿಗ್ಗೆ ಹೇಗೂ ಉರಿಯುತ್ತದೆ, ಹಂಡೆ ನೀರು ಕಾಯುವಷ್ಟರಲ್ಲಿ ನನ್ನ ಕೆಲಸವೂ ಆಗುತ್ತದೆ. ಪೇಟೆಯಲ್ಲಿರುವವರು ತೆರೆದ ಜಾಗದಲ್ಲಿ, ಇಟ್ಟಿಗೆಯ ಮೂರು ಕಲ್ಲಿನ ಒಲೆ ಹೂಡಬೇಕು. ಫ್ಲ್ಯಾಟಿನ ಅಡುಗೆಮನೆಯಲ್ಲಿ ಗ್ಯಾಸ್ ಮೇಲೆ ಮಾಡಬೇಡಿ: ತೂತಿನಿಂದ ಬರುವ ಹೊಗೆ ಹೊತ್ತಿಕೊಳ್ಳುವಂಥದ್ದು.

ಮೊದಲು ತೂತಿನಿಂದ ಬಿಳಿ ಹಬೆ ಬರುತ್ತದೆ, ಅದು ನೀರಿನಂಶ. ಆಮೇಲೆ ಹಳದಿ ಬಣ್ಣದ, ಕಣ್ಣುರಿಸುವ ದಟ್ಟ ಹೊಗೆ. ಒಂದು ಒಂದೂವರೆ ಗಂಟೆಯ ನಂತರ ಹೊಗೆ ಸಣ್ಣಗಾಗಿ ನಿಲ್ಲುತ್ತದೆ. ನಿಂತ ಕೂಡಲೇ ಡಬ್ಬವನ್ನು ಒಲೆಯಿಂದ ಎಳೆದು, ತೂತಿಗೆ ಜೇಡಿ ಒತ್ತಿ, ಮರುದಿನ ಬೆಳಿಗ್ಗೆಯವರೆಗೆ ಮುಟ್ಟದೆ ಬಿಡಿ. ಮೇಲೆ ಹೇಳಿದ ನನ್ನ ವಿಭೂತಿ ಪ್ರಕರಣ ಈ ಹಂತದ್ದು. ಬಿಸಿ ಇದ್ದಿಲಿಗೆ ಗಾಳಿ ಸಿಕ್ಕರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತದೆ.

ಚೆನ್ನಾಗಿ ಬೆಂದ ಕಡ್ಡಿ ನೆಲಕ್ಕೆ ಬಿದ್ದರೆ ಗಾಜಿನ ಬಳೆಯಂತೆ ಟಿಣ್ ಅನ್ನುತ್ತದೆ. ಕಂದು ಗೆರೆ ಬಂದರೆ ಅಥವಾ ಕಾಗದ ಗೀರಿದರೆ ಅರೆಬೆಂದಿದೆ ಎಂದರ್ಥ, ಮತ್ತೊಮ್ಮೆ ಸುಡಬಹುದು. ಮುರಿದ ಚೂರು, ಪುಡಿ ಯಾವುದನ್ನೂ ಚೆಲ್ಲಬೇಡಿ, ಮುಂದೆ ಹೇಳುವ ಕಡತಕ್ಕೆ, ಅಂದರೆ ಕಪ್ಪು ಬಟ್ಟೆಯ ಪುಸ್ತಕಕ್ಕೆ, ಬೇಕಾಗುತ್ತದೆ.

ಈ ಇದ್ದಿಲು ಕಾಗದದ ಮೇಲೆ ಬರೀ ಕೂತಿರುತ್ತದೆ, ಊದಿದರೆ ಹಾರುತ್ತದೆ. ಪುಡಿ ಉದುರದಂತೆ ಹಿಡಿಸುವ ಅಂಗಡಿಯ ಫಿಕ್ಸೇಟಿವ್ ದುಬಾರಿ ಅನ್ನಿಸಿದರೆ ಕೆನೆ ಪೂರ್ತಿ ತೆಗೆದ ಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಒಂದು ಮೊಳ ದೂರದಿಂದ ಮಂಜಿನಂತೆ ಸಿಂಪಡಿಸಿ. ಹಾಲಿನ ಕೇಸೀನ್ ತೆಳ್ಳಗೆ ಅಂಟಿನ ಕೆಲಸ ಮಾಡುತ್ತದೆ. ಹನಿ ಬಿದ್ದರೆ ಕಲೆ ಖಂಡಿತ, ಆದ್ದರಿಂದ ಮೊದಲ ಒತ್ತನ್ನು ಗಾಳಿಗೆ ಬಿಡಿ, ಚಿತ್ರಕ್ಕಲ್ಲ. ಗಂಜಿ ತಿಳಿಯೂ ಹಿಡಿಯುತ್ತದೆ, ಆದರೆ ಜಿರಲೆಗೆ ಅದು ಊಟದ ಕರೆಯೋಲೆ.

ಅಳಲೆಕಾಯಿ ಮಸಿ

ನನಗೆ ಇಡೀ ಪ್ರಯೋಗದಲ್ಲಿ ಹೆಚ್ಚು ಕಲಿಸಿದ್ದು ಇದು. ಬೇಕಾದದ್ದೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ: ಅಳಲೆಕಾಯಿ, ಅನ್ನಭೇದಿ, ಗೋಂದು, ಲವಂಗ. ಅಳಲೆಕಾಯಿಯ ಒಗರಿನಲ್ಲಿ ಟ್ಯಾನಿನ್ ಇದೆ, ಅನ್ನಭೇದಿ ಎಂದರೆ ಕಬ್ಬಿಣದ ಲವಣ. ಎರಡೂ ಸೇರಿದ ಕ್ಷಣ ಕಪ್ಪು ಹುಟ್ಟುತ್ತದೆ. ಯುರೋಪಿನವರು ಓಕ್ ಮರದ ಗಂಟುಕಾಯಿಯಿಂದ ಶತಮಾನಗಳ ಕಾಲ ಮಾಡಿಕೊಂಡ ಮಸಿಯೂ ಇದೇ ರಸಾಯನ.

ಅನ್ನಭೇದಿ ಕೊಳ್ಳುವಾಗ ತಿಳಿಹಸಿರು ಹರಳು ಕೇಳಿ. ಹಳದಿ ಪುಡಿ ಕಟ್ಟಿಕೊಂಡಿದ್ದರೆ ಹಳೆಯ ಸರಕು. ಗೋಂದು ನೀರಿನಲ್ಲಿ ಕರಗುವ ಜಾಲಿ ಗೋಂದೇ ಆಗಬೇಕು. ನೆನೆಸಿದಾಗ ಉಬ್ಬಿ ಜೆಲ್ಲಿಯಂತೆ ನಿಂತರೆ ಅದು ಬೇರೆ, ವಾಪಸ್ ಕೊಡಿ.

1. ಬೀಜ ತೆಗೆದ 50 ಗ್ರಾಂ ಅಳಲೆಕಾಯಿಯನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಅರ್ಧ ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ, ಮತ್ತೆ ಅಡುಗೆಗೆ ಬಳಸದಂಥದ್ದು. ಕಬ್ಬಿಣದ ಬಾಣಲೆಯಾದರೆ ಅಲ್ಲೇ ಕಪ್ಪಾಗಲು ಶುರುವಾಗುತ್ತದೆ.

2. ಬೇರೊಂದು ಲೋಟದಲ್ಲಿ 10 ಗ್ರಾಂ ಗೋಂದನ್ನು ಮುಳುಗುವಷ್ಟು ನೀರಿನಲ್ಲಿ ನೆನೆಹಾಕಿ.

3. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಷಾಯ ಅರ್ಧಕ್ಕಿಳಿಯುವವರೆಗೆ ಕುದಿಸಿ, ಆರಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ ಸೋಸಿ. ಬಣ್ಣ ಚಹಾದಂತಿರುತ್ತದೆ.

4. 12 ಗ್ರಾಂ ಅನ್ನಭೇದಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಕಷಾಯಕ್ಕೆ ಸುರಿಯಿರಿ. ಗೋಂದು ಸೇರಿಸಿ, ಇನ್ನೊಮ್ಮೆ ಸೋಸಿ.

5. ಗಾಜಿನ ಸೀಸೆಗೆ ತುಂಬಿ, ಬೂಷ್ಟು ಬರದಂತೆ ಎರಡು ಲವಂಗ ಹಾಕಿ. ಸೀಸೆಯ ಮೇಲೆ "ಮಸಿ, ಕುಡಿಯಬಾರದು" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ಕಷಾಯದ ಸೀಸೆಗಳ ಸಾಲಿನಲ್ಲೇ ಇದನ್ನೂ ಇಟ್ಟು ಬೈಸಿಕೊಂಡಿದ್ದೇನೆ.

ಗೆರೆ ಎಳೆದಾಗ ಈ ಮಸಿ ಪೂರ್ತಿ ಕಪ್ಪಾಗಿರುವುದಿಲ್ಲ. ಮಬ್ಬುಬೂದಿಯಾಗಿ ಬಂದು, ಗಾಳಿ ತಾಗುತ್ತ ತಾಗುತ್ತ ಗಾಢವಾಗುತ್ತದೆ. ಸಾಲದು ಎಂದು ಮೇಲೆ ಮೇಲೆ ತಿದ್ದಿದರೆ ಮರುದಿನ ಚಿತ್ರದ ಮುಖವೇ ಕಪ್ಪಿಟ್ಟಿರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎಳೆದು ಕೈ ಬಿಡುವುದನ್ನು ಕಲಿಯಬೇಕಾಗುತ್ತದೆ. ನನ್ನ ಕೈಯ ತಿದ್ದುವ ಚಟ ಬಿಡಿಸಿದ್ದು ಯಾವ ಮೇಷ್ಟರೂ ಅಲ್ಲ, ಈ ಸೀಸೆ.

ಇನ್ನೂ ಕಪ್ಪಾಗಲಿ ಎಂದು ಒಮ್ಮೆ ಅನ್ನಭೇದಿ ಎರಡು ಪಟ್ಟು ಹಾಕಿದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ದಪ್ಪ ಗೆರೆಗಳ ಸುತ್ತ ಕಂದು ಅಂಚು ಮೂಡಿತ್ತು, ಹಿಂದಿನ ಹಾಳೆಗೂ ಕಲೆ ಇಳಿದಿತ್ತು, ಮಡಚಿದರೆ ಕಾಗದ ಗೆರೆಯುದ್ದಕ್ಕೂ ಮುರಿಯುತ್ತಿತ್ತು. ಈ ಮಸಿ ಹುಟ್ಟುವಾಗ ಆಮ್ಲವೂ ಹುಟ್ಟುತ್ತದೆ, ಹೆಚ್ಚಾದ ಕಬ್ಬಿಣ ಕಾಗದವನ್ನು ತಿನ್ನುತ್ತದೆ. ಅಳತೆ ತಕ್ಕಡಿಯಲ್ಲೇ ಆಗಲಿ, ಚಮಚದಲ್ಲಿ ಬೇಡ. ಫೌಂಟನ್ ಪೆನ್ನಿಗೂ ಇದನ್ನು ತುಂಬಬೇಡಿ, ನಿಬ್ಬು ಹಾಳಾಗುತ್ತದೆ.

ಅಡಿಕೆ ಸೀಮೆಯವರಿಗೆ ಇನ್ನೊಂದು ದಾರಿಯಿದೆ: ಚೊಗರು. ಎಳೆಯ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ಗಟ್ಟಿ ನೀರು. ಅದನ್ನು ಹಾಗೇ ತೆಳ್ಳಗೆ ಮಾಡಿ ಬಳಸಿದರೆ ಹಳೆಯ ಫೋಟೋದಂಥ ಕಂದು. ಒಂದು ಚಿಟಿಕೆ ಅನ್ನಭೇದಿ ಬಿದ್ದರೆ ಹಸಿರು ಛಾಯೆಯ ಕಪ್ಪು, ಅಳಲೆಯ ನೀಲಿಗಪ್ಪಿಗಿಂತ ಬೇರೆಯೇ. ಒಂದೇ ಚಿತ್ರದಲ್ಲಿ ಹತ್ತಿರದ ಮರಕ್ಕೆ ಒಂದು, ದೂರದ ಗುಡ್ಡಕ್ಕೆ ಇನ್ನೊಂದು ಕಪ್ಪು ಸಿಗುವುದು ಎಂಥ ಐಶ್ವರ್ಯ! ಬಟ್ಟೆಗೆ ತಾಗಿದರೆ ಮಾತ್ರ ಹೋಗುವುದಿಲ್ಲ, ಕೊನೆಕೊಯ್ಲಿನ ಕಾಲದ ಅಂಗಿಯನ್ನೇ ಹಾಕಿಕೊಳ್ಳಿ.

ಯಾವುದರಲ್ಲಿ ಎಳೆಯುವುದು

ಬಿದಿರಿನ ಲೆಕ್ಕಣಿಕೆ ಮಾಡುವುದು ಹತ್ತು ನಿಮಿಷದ ಕೆಲಸ. ಕಿರುಬೆರಳ ದಪ್ಪದ ಒಣ ಬಿದಿರನ್ನು ಓರೆಯಾಗಿ ಸೀಳಿ, ಒಳಗಿನ ಮೆತ್ತನೆಯ ಭಾಗ ಹೆರೆದು, ತುದಿಯನ್ನು ಹಲಗೆಯ ಮೇಲಿಟ್ಟು ಒಂದೇ ಏಟಿಗೆ ಕತ್ತರಿಸಿ, ನಡುವೆ ಬ್ಲೇಡಿನಿಂದ ಸಣ್ಣ ಸೀಳು ಕೊಡಿ. ಮಸಿ ಬೇಗ ಮುಗಿಯುತ್ತದೆ, ಗೆರೆ ದಪ್ಪದಿಂದ ಶುರುವಾಗಿ ಒಣಗಿ ಕೊನೆಯಾಗುತ್ತದೆ. ಅದನ್ನು ದೋಷ ಎಂದುಕೊಳ್ಳಬೇಡಿ. ವ್ಯಾನ್ ಗೋ 1888ರಲ್ಲಿ ಆರ್ಲ್ ಊರಿನ ಗದ್ದೆಗಳನ್ನು ಜೊಂಡಿನ ಲೆಕ್ಕಣಿಕೆಯಲ್ಲಿ ಚುಕ್ಕಿ, ಗೀಟು, ಸುರುಳಿಗಳಾಗಿ ಬರೆದದ್ದಕ್ಕೆ ಆ ಚಿಕ್ಕ ಉಸಿರೂ ಒಂದು ಕಾರಣ ಎಂದು ನನ್ನ ಊಹೆ. ಉದ್ದ ಗೆರೆ ಬಾರದಿದ್ದರೆ ಮೊಟಕು ಗೆರೆಯಲ್ಲೇ ಹೊಲ ತುಂಬಬೇಕಲ್ಲ.

ಕುಂಚ ಬೇಕಿದ್ದರೆ ಪುಂಡಿ ನಾರು. ನಮ್ಮ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಚಿತ್ತಾರ ಬರೆಯುವುದು ಇದರಲ್ಲಿ. ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು. ನಾರಿನ ತುದಿಯನ್ನು ನೆನೆಸಿ, ಜಜ್ಜಿ, ಎಳೆ ಬಿಡಿಸಿದರೆ ಆಯಿತು. ಒಬ್ಬ ಚಿತ್ತಾರಗಿತ್ತಿ ಕೈ ಊರದೆ ಮೊಳದುದ್ದದ ನೇರ ಗೆರೆ ಎಳೆಯುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಕೇಳಿದ್ದಕ್ಕೆ, "ಕಣ್ಣು ಕೊನೆ ಮೇಲಿರ್ಲಿ ತಂಗಿ, ಕೈ ತಾನೇ ಹೋಗ್ತದೆ" ಅಂದರು. ಅಂದಿನಿಂದ ಗೆರೆ ಎಳೆಯುವಾಗ ಕುಂಚದ ತುದಿ ನೋಡುವುದನ್ನು ಬಿಟ್ಟೆ. ಪುಂಡಿ ಸಿಗದಿದ್ದರೆ ಬೇವಿನ ಕಡ್ಡಿ ಜಗಿದು ಕುಂಚ ಮಾಡಿ, ಹಲ್ಲೂ ಶುದ್ಧ.

ಇನ್ನು ದೋಟಿ. ಮಾವು ಕೊಯ್ಯುವ ಬಿದಿರಿನ ತುದಿಗೆ ಇದ್ದಿಲು ಕಟ್ಟಿ, ಗೋಡೆಗೆ ದೊಡ್ಡ ಕಾಗದ ಅಂಟಿಸಿ, ನಾಲ್ಕಡಿ ದೂರ ನಿಂತು ಬರೆಯಿರಿ. ಬೆರಳಿನ ಚಾಲಾಕಿ ಪೂರ್ತಿ ಹೋಗಿ ಭುಜ ಮತ್ತು ಸೊಂಟ ಕೆಲಸಕ್ಕಿಳಿಯುತ್ತವೆ. ಫ್ರೆಂಚ್ ಚಿತ್ರಕಾರ ಮಾತೀಸ್ ತಮ್ಮ ಎಪ್ಪತ್ತರ ವಯಸ್ಸು ದಾಟಿದ ಮೇಲೆ, ಫ್ರಾನ್ಸಿನ ವಾನ್ಸ್ ಊರಿನ ಪ್ರಾರ್ಥನಾ ಮಂದಿರದ ಗೋಡೆಚಿತ್ರಗಳಿಗಾಗಿ ಹೀಗೇ ಉದ್ದ ಕೋಲಿಗೆ ಇದ್ದಿಲು ಕಟ್ಟಿ ಅಭ್ಯಾಸ ಮಾಡಿದ್ದರು. ಆ ಮಂದಿರ 1951ರಲ್ಲಿ ಮುಗಿಯಿತು. ಮೊದಲ ದಿನ ನನ್ನದೆಲ್ಲ ಕೋಳಿ ಕೆದರಿದಂತಿತ್ತು. ನಾಲ್ಕನೇ ದಿನ ಅಜ್ಜಿ ಕೂತು ಅಡಿಕೆ ಸುಲಿಯುವ ಭಂಗಿ ಏಳು ಗೆರೆಯಲ್ಲಿ ಬಂತು.

ಕಡತ: ಕಪ್ಪಿನ ಮೇಲೆ ಬೆಳಕು

ಕಡತ ಎಂದರೆ ಈಗ ಮೇಜಿನಿಂದ ಮೇಜಿಗೆ ಹೋಗದೆ ಕೂತಿರುವ ಸರ್ಕಾರಿ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠದ ಲೆಕ್ಕ ಎಲ್ಲ ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಉಳಿದಿದೆ. ಲೆಕ್ಕ ಬರೆದ ಈ ಬಟ್ಟೆಯ ಮೇಲೆ ಚಿತ್ರ ಯಾಕೆ ಬರೆಯಬಾರದು ಎಂದು ಶುರುಮಾಡಿದೆ.

ಕೋರಾ ಬಟ್ಟೆಯನ್ನು ಗಂಜಿ ಹೋಗುವಂತೆ ಎರಡು ಸಲ ಒಗೆದು, ಒಂದಡಿ ಅಗಲ, ಒಂದು ಮೀಟರ್ ಉದ್ದಕ್ಕೆ ಹರಿದುಕೊಳ್ಳಿ. ಹುಣಸೆಬೀಜ ಎರಡು ಮುಷ್ಟಿ ಸಾಕು. ಬಿಸಿ ಮರಳಿನಲ್ಲಿ ಹುರಿದರೆ ಕಂದು ಸಿಪ್ಪೆ ಬಿರಿಯುತ್ತದೆ, ಒರಳಿನಲ್ಲಿ ಮೆಲ್ಲಗೆ ಕುಟ್ಟಿ ಕೇರಿದರೆ ಬಿಳಿ ಬೇಳೆ ಉಳಿಯುತ್ತದೆ. ಅದನ್ನು ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ಏಳೆಂಟು ಪಟ್ಟು ನೀರು ಹಾಕಿ ತಳ ಹಿಡಿಯದಂತೆ ಕೈಯಾಡಿಸುತ್ತ ಕಾಯಿಸಿ. ಮೊದಲು ಹಾಲಿನಂತಿದ್ದದ್ದು ಪಾರದರ್ಶಕವಾಗಿ, ಎರಡು ಬೆರಳ ನಡುವೆ ನೂಲೆಳೆಯುವಂತಾದಾಗ ಇಳಿಸಿ. ಮಿಕ್ಸಿಗೆ ಹುರಿದ ಬೀಜವನ್ನು ನೆನೆಸದೆ ಹಾಕಬೇಡಿ, ಬ್ಲೇಡು ಸೋಲುತ್ತದೆ. ನಮ್ಮ ಮನೆಯದು ಸೋತಿದೆ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಇದ್ದಿಲನ್ನು ಅರೆದು, ತೆಳು ವಸ್ತ್ರದಲ್ಲಿ ಜರಡಿ ಹಿಡಿದು, ಅಂಟಿಗೆ ಬೆರೆಸಿ. ಹದ ನೀರುದೋಸೆ ಹಿಟ್ಟಿನದು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಒಂದು ಬದಿಗೆ ಬಳಿಯಿರಿ, ನೆರಳಲ್ಲಿ ಒಣಗಿಸಿ, ಇನ್ನೊಂದು ಬದಿ. ಹೀಗೆ ಮೂರು ಸುತ್ತು. ಇದ್ದಿಲು ಹೆಚ್ಚಾದರೆ ಕೈಗೆಲ್ಲ ಮಸಿ, ಅಂಟು ಹೆಚ್ಚಾದರೆ ಮಡಿಕೆಯಲ್ಲಿ ಬಿರುಕು. ಅಂಗೈ ಅಗಲದ ತುಂಡಿನಲ್ಲಿ ಮೊದಲು ನೋಡಿ, ಮಡಚಿ, ಉಗುರಿನಿಂದ ಕೆರೆದು ಖಚಿತಮಾಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ನುಣುಪು ಹೊಳೆಗಲ್ಲಿನಿಂದಲೋ ಕವಡೆಯಿಂದಲೋ ಉಜ್ಜಿದರೆ ಮೈ ಸ್ಲೇಟಿನಂತಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಆಷಾಢದ ಕಡತಕ್ಕೆ ಮೂರನೇ ದಿನ ಬಿಳಿ ಗಡ್ಡ ಬಂದಿತ್ತು.

ಬರೆಯಲು ಕಲ್ಲುಬಳಪ, ಶಾಲೆಮಕ್ಕಳ ಸುಣ್ಣದ ಬಳಪವಲ್ಲ. ಹೊಯ್ಸಳರ ಶಿಲ್ಪಿಗಳು ಹಳೇಬೀಡಿನಲ್ಲಿ ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ. ಬಳಪಕ್ಕೆ ಆ ಮೆತ್ತನೆ ಕೊಡುವುದು ಉಗುರಿಗೂ ಗೀರಿಸಿಕೊಳ್ಳುವ ಟಾಲ್ಕ್. ಗೆರೆ ಬೆಳ್ಳಗೆ, ತಣ್ಣಗೆ, ತುಸು ಹೊಳಪಾಗಿ ಬೀಳುತ್ತದೆ.

ಇಲ್ಲಿ ಬುದ್ಧಿ ತಲೆಕೆಳಗಾಗಬೇಕು. ಕಾಗದದ ಮೇಲೆ ನಾವು ನೆರಳು ಬರೆಯುತ್ತೇವೆ, ಕಡತದಲ್ಲಿ ಬೆಳಕನ್ನು ಬರೆಯಬೇಕು. ಮುಖದ ಸುತ್ತುಗೆರೆ ಹಾಕಿ ಒಳಗೆ ತುಂಬಲು ಹೋದರೆ ಫೋಟೋದ ನೆಗೆಟಿವ್‌ನಂತೆ ದೆವ್ವ ಕಾಣಿಸುತ್ತದೆ. ರಾತ್ರಿ ಕರೆಂಟು ಹೋದಾಗ ಅಡುಗೆಮನೆಯಲ್ಲಿ ಒಂದು ದೀಪ ಹಚ್ಚಿ ಕೂತುಕೊಳ್ಳಿ. ಕೊಡಪಾನದ ಅಂಚು, ಸೌಟಿನ ಬೆನ್ನು, ಅಜ್ಜಿಯ ಮೂಗುಬೊಟ್ಟು, ಬೆಳಕು ತಾಗಿದಲ್ಲಿ ಮಾತ್ರ ಬಳಪ ತಾಗಲಿ. ಉಳಿದದ್ದು ಕತ್ತಲೆಗೆ ಬಿಟ್ಟದ್ದು. ನನ್ನ ಮಟ್ಟಿಗೆ ಎರಡು ವರ್ಷದ ಕೆಲಸದಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿದ್ದು ಈ ಎಂಟು ಮಡಿಕೆ.

ಒಂದೊಂದು ಸಂಜೆಗೆ ಸಾಕಾಗುವವು

ಅರಿಶಿನ ಕದಡಿದ ನೀರನ್ನು ಹಾಳೆಗೆ ಬಳಿದು ಒಣಗಿಸಿ, ತಿಳಿ ಸುಣ್ಣದ ನೀರಿನಲ್ಲಿ ಬರೆಯಿರಿ: ಆರತಿಯ ಓಕುಳಿಯಂತೆ ಕೆಂಪು ಗೆರೆ. ತಪ್ಪಾದಲ್ಲಿ ನಿಂಬೆರಸ ಒತ್ತಿದರೆ ಮತ್ತೆ ಹಳದಿ. ಆಟ ಚಂದ, ಆದರೆ ಬಿಸಿಲಿಗೆ ಅರಿಶಿನ ನಿಲ್ಲುವುದಿಲ್ಲ. ನನ್ನ ಕಿಟಕಿಯ ಚೀಟಿಯಲ್ಲಿ ಮೊದಲು ಓಡಿಹೋದದ್ದು ಅದೇ. ಮಾಯವಾಗುವುದನ್ನೇ ದಿನಾ ಒಂದು ಫೋಟೋ ತೆಗೆದು ಚಿತ್ರವಾಗಿಸಬಹುದು, ಮಾರುವ ಯೋಚನೆ ಬೇಡ.

ಹರಳೆಣ್ಣೆ ದೀಪದ ಮೇಲೆ ಗೇಣು ಎತ್ತರದಲ್ಲಿ ದಪ್ಪ ಕಾಗದವನ್ನು ನಿಲ್ಲಿಸದೆ ಆಡಿಸುತ್ತಿದ್ದರೆ ಕಾಡಿಗೆ ಮೋಡದಂತೆ ಕೂರುತ್ತದೆ. ಅದನ್ನು ಕೋಳಿಗರಿ, ತೆಂಗಿನ ಗರಿಕಡ್ಡಿಗಳಿಂದ ಕೆರೆದು ಬಿಳಿ ತೆಗೆಯಿರಿ. ಪಕ್ಕದಲ್ಲಿ ನೀರಿನ ಬಕೆಟ್ ಇರಲೇಬೇಕು, ಜೊತೆಗೆ ಇನ್ನೊಬ್ಬರು ಇರಲಿ.

ಜರ್ಮನ್ ಚಿತ್ರಕಾರ ಮಾಕ್ಸ್ ಅರ್ನ್‌ಸ್ಟ್ 1925ರಲ್ಲಿ ನೆಲದ ಹಲಗೆಯ ಮೇಲೆ ಕಾಗದವಿಟ್ಟು ಉಜ್ಜಿದಾಗ ಮರದ ಎಳೆಗಳಿಂದ ಕಾಡು, ಹಕ್ಕಿ ಎದ್ದುಬಂದವು. ಹಲಸಿನ ಹಲಗೆ, ಬೀಸುವ ಕಲ್ಲು, ಬಾಳೆಎಲೆಯ ಬೆನ್ನು ಎಲ್ಲವೂ ಆಗುತ್ತದೆ. ದೇವಸ್ಥಾನದ ಕೆತ್ತನೆಗೂ ಶಾಸನಕ್ಕೂ ಮಾತ್ರ ಉಜ್ಜಲು ಹೋಗಬೇಡಿ. ಕಲ್ಲಿಗೆ ಕರಿ ಹಿಡಿಯುತ್ತದೆ, ಅನುಮತಿಯಿಲ್ಲದೆ ಅಪರಾಧವೂ ಹೌದು.

ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಭಾರದ ಕೆಳಗೆ ಎರಡು ದಿನ ಒತ್ತಿಟ್ಟರೆ ಸಪಾಟಾಗುತ್ತದೆ, ಒಳಮೈ ಮಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಹಾಳೆ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ ಅನ್ನಿಸಿತು ನನಗೆ.

ತೋರಿಸುವಾಗ, ಎತ್ತಿಡುವಾಗ

ಪರೀಕ್ಷಕರ ಮುಂದೆ ಇಟ್ಟಾಗ ಮೊದಲ ಪ್ರಶ್ನೆ, "ಇದನ್ನೇ ಪೆನ್ಸಿಲ್‌ನಲ್ಲಿ ಮಾಡಬಹುದಿತ್ತಲ್ಲ?" ಉತ್ತರ ಮಾತಲ್ಲಿ ಹುಡುಕಬೇಡಿ. ಅದೇ ವಸ್ತುವನ್ನು ಪೆನ್ಸಿಲ್‌ನಲ್ಲೂ ಬರೆದು ಪಕ್ಕದಲ್ಲಿಡಿ, ಪರೀಕ್ಷೆ ಪುಸ್ತಕ ಬಿಚ್ಚಿಡಿ. ವ್ಯತ್ಯಾಸ ಕಾಣದಿದ್ದರೆ ಅವರ ಪ್ರಶ್ನೆಯೇ ಸರಿ, ಆ ಚಿತ್ರ ಪೆನ್ಸಿಲ್ಲಿಗೆ ಸೇರಿದ್ದು.

ಮಸಿಯ ಚಿತ್ರಗಳ ನಡುವೆ ಬೆಣ್ಣೆಕಾಗದ ಹಾಕಿ, ಒಂದರ ಮೇಲೊಂದು ನೇರವಾಗಿ ಇಡಬೇಡಿ. ಇದ್ದಿಲಿನವನ್ನು ಸುರುಳಿ ಸುತ್ತಬಾರದು, ಚಪ್ಪಟೆಯಾಗಿಯೇ ಇಡಬೇಕು. ಕಡತವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಇಡಿ ಎಂದು ಅಜ್ಜಿಯ ಸಲಹೆ. ಹುಳ ಬಂದಿಲ್ಲ ಈವರೆಗೆ.

ಎಂಟು ಮಡಿಕೆಯಲ್ಲಿ ಚಿತ್ರ ಮುಗಿದು ಎರಡು ಖಾಲಿ ಉಳಿದಿದ್ದವು. ಕಳೆದ ವಾರ ಬಿಚ್ಚಿ ನೋಡಿದರೆ ಅಲ್ಲಿ ಬಳಪದ ಗೀಟುಗಳು, ನಾಲ್ಕು ನಿಂತದ್ದು, ಒಂದು ಅಡ್ಡ. ಅಜ್ಜಿ ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿಟ್ಟಿದ್ದಾರೆ. ತಿಂಗಳ ಕೊನೆಗೆ ಅವರು ಒರೆಸುವ ಮೊದಲು ಫೋಟೋ ತೆಗೆದುಕೊಳ್ಳಬೇಕು.